ಎದೆಯ ಮೇಲಿನ ಮೂರು ಬಿಲ್ಲೆ

ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವವರ ಅಂಗಿಯ ಎದೆಭಾಗದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿಸಿರುತ್ತದೆ. ಆಸ್ಪತ್ರೆಯ ಗುರುತಿನ ಚೀಟಿ ಇರಬೇಕು ಎಂದುಕೊಂಡು ನಾವು ಅದರತ್ತ ನೋಡುವುದೇ ಇಲ್ಲ. ಕಾರ್ಕಳದ ಕಡೆಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಮ್ಮೆ ಕುತೂಹಲಕ್ಕೆ ಅದನ್ನು ಬಿಚ್ಚಿ ತೋರಿಸಲು ಕೇಳಿದೆ. "ಬಿಚ್ಚಲಿಕ್ಕೆ ಇಲ್ಲ ಮಾರಾಯ್ರೆ, ಅದು ಲ್ಯಾಬಿನವರೇ ತೆಗೆಯುದು" ಎಂದು ಟೆಕ್ನಿಶಿಯನ್ ನಕ್ಕರು. ಆಮೇಲೆ ಹೊರಗಿನಿಂದಲೇ ಬೆರಳಿಟ್ಟು ವಿವರಿಸಿದರು.

ಒಳಗೆ ಒಂದು ಲೋಹದ ತಗಡು. ಅದರಲ್ಲಿ ಸಾಲಾಗಿ ಮೂರು ಬಿಲ್ಲೆ. ಒಂದೊಂದರ ಅಡ್ಡಳತೆ ಸುಮಾರು 13 ಮಿಲಿಮೀಟರ್, ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಟೆಫ್ಲಾನಿನಲ್ಲಿ ಕ್ಯಾಲ್ಸಿಯಂ ಸಲ್ಫೇಟಿನ ಪುಡಿ ಬೆರೆಸಿ, ಅದಕ್ಕೆ ಡಿಸ್ಪ್ರೋಸಿಯಂ ಎಂಬ ಅಪರೂಪದ ಲೋಹದ ಚಿಟಿಕೆ ಕೂಡಿಸಿ ಮಾಡಿದ್ದು. ಒಂದು ಬಿಲ್ಲೆಯ ಮುಂದೆ ತಾಮ್ರ ಮತ್ತು ಅಲ್ಯೂಮಿನಿಯಂ ತಡೆ, ಇನ್ನೊಂದರ ಮುಂದೆ ಪ್ಲಾಸ್ಟಿಕ್, ಮೂರನೆಯದಕ್ಕೆ ತೆರೆದ ಕಿಟಕಿ. ವಿಕಿರಣ ತಾಗಿದರೆ ಬಿಲ್ಲೆ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋದಾಗ ಅದನ್ನು ಕಾಯಿಸುತ್ತಾರೆ. ಕಾದ ಬಿಲ್ಲೆ ಮಿಣುಕುತ್ತದೆ, ಮಿಣುಕಿದಷ್ಟು ಲೆಕ್ಕ. ಮೂರೂ ಬಿಲ್ಲೆಗಳ ಬೆಳಕಿನ ವ್ಯತ್ಯಾಸ ನೋಡಿ ತಾಗಿದ ಕಿರಣ ಎಷ್ಟು ಬಲದ್ದು ಎಂಬುದನ್ನೂ ಅಂದಾಜಿಸುತ್ತಾರೆ. ಟಿಎಲ್‌ಡಿ ಬ್ಯಾಡ್ಜ್ ಎಂದು ಇದರ ಹೆಸರು. ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ರೂಪಿಸಿದ್ದು.

ಈ ಲೆಕ್ಕ ನೌಕರನ ಬೆನ್ನಿಗೇ ಇರುತ್ತದೆ, ಕೆಲಸ ಬದಲಿಸಿದರೂ ಬಿಡದು. ತಾಗಿದ ವಿಕಿರಣ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಹೊರಗಿನ ದೇಶಗಳಲ್ಲಿ ಒಂದು ವರ್ಷಕ್ಕೆ 50ರ ತನಕ ಬಿಡುವ ಕ್ರಮ ಉಂಟು. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಈ ವಿಷಯದಲ್ಲಿ ಕೈ ಬಿಗಿ ಹಿಡಿದಿದೆ. ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತ ಸಾರ್ವಜನಿಕರಿಗೆ ವರ್ಷಕ್ಕೆ 1. ಆದರೆ ಮೇಜಿನ ಮೇಲೆ ಮಲಗಿದ ರೋಗಿಗೆ?

ರೋಗಿಗೆ ಮಿತಿಯೇ ಇಲ್ಲ. ಬ್ಯಾಡ್ಜೂ ಇಲ್ಲ. ಕೇಳಿದಾಗ ನನಗೆ ಸೋಜಿಗವಾಯಿತು, ಯೋಚಿಸಿದರೆ ಸರಿಯೆನಿಸಿತು. ಪ್ರಾಣ ಉಳಿಸಲು ನಾಲ್ಕು ಸಲ ಸಿ.ಟಿ. ಬೇಕಾದವರಿಗೆ ಮೂರಕ್ಕೇ ನಿಲ್ಲಿಸಿ ಎಂದು ಯಾವ ಕಾನೂನು ಹೇಳೀತು? ಅದಕ್ಕೆ ನಿಯಮ ಬೇರೆ ದಾರಿ ಹಿಡಿಯುತ್ತದೆ: ಚಿತ್ರ ನಿಜಕ್ಕೂ ಬೇಕಿರಬೇಕು, ಬೇಕಾದರೆ ಆದಷ್ಟು ಕಡಿಮೆ ಕಿರಣದಲ್ಲಿ ತೆಗೆಯಬೇಕು. ಇದರಲ್ಲಿ ಮೊದಲನೆಯದು ಚೀಟಿ ಬರೆಯುವ ಡಾಕ್ಟರ ಕೈಯಲ್ಲಿ. ಎರಡನೆಯದು ಟೆಕ್ನಿಶಿಯನ್ ಮತ್ತು ಯಂತ್ರದ ಕೈಯಲ್ಲಿ. ಯಂತ್ರದ ತಪಾಸಣೆ ರೋಗಿಯ ಪಾಲಿನ ಬ್ಯಾಡ್ಜ್ ಇದ್ದ ಹಾಗೆ.

ಈ ಕಸುಬಿಗೆ ನಮ್ಮ ಜಿಲ್ಲೆಯಲ್ಲಿ ದೊಡ್ಡ ಗುರುಮನೆ ಮಣಿಪಾಲ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದಾಗ ಅದು ಬೋಳುಗುಡ್ಡ. ಕಸ್ತೂರ್ಬಾ ಆಸ್ಪತ್ರೆ ಬಂದದ್ದು 1961ರಲ್ಲಿ. ಡಾಕ್ಟರುಗಳನ್ನು ತಯಾರಿಸಿದ ಗುಡ್ಡ ಎಂದೇ ಲೋಕಕ್ಕೆ ಗೊತ್ತು. ಆದರೆ ಡಾಕ್ಟರ ಹಿಂದೆ ನಿಲ್ಲುವವರನ್ನೂ ಅದು ತಯಾರಿಸಿದೆ. ಅಲ್ಲಿನ ಕಾಲೇಜ್ ಆಫ್ ಹೆಲ್ತ್ ಪ್ರೊಫೆಷನ್ಸ್‌ನಲ್ಲಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಗೆ ಪ್ರತ್ಯೇಕ ವಿಭಾಗವೇ ಇದೆ. ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಕಾರ್ಕಳದ ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆ, ಹೆದ್ದಾರಿ ಬದಿಯ ಸೆಂಟರುಗಳು – ಬಸ್ಸಿಳಿದು ಎಕ್ಸ್‌ರೇ ತೆಗೆಸಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದಾದ ಊರುಗಳು ನಮ್ಮವು. ಇಷ್ಟು ಸುಲಭವಾದಾಗ "ಇದೊಂದು ಇರಲಿ" ಎಂದು ತೆಗೆಸುವ ಅಭ್ಯಾಸವೂ ಸುಲಭ.

ಪಾಠ ಇಂಗ್ಲಿಷಿನಲ್ಲಿ, ಕೆಲಸ ಮಾತ್ರ ನಾಲ್ಕೈದು ಭಾಷೆಯಲ್ಲಿ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ" ಎಂಬುದನ್ನು ತುಳು, ಕೊಂಕಣಿ, ಬ್ಯಾರಿ, ಮಲಯಾಳದಲ್ಲೂ ಹೇಳಲು ಬರಬೇಕು. ಅಜ್ಜಿಗೆ ಮಾತು ತಿಳಿಯದೆ ಆ ಗಳಿಗೆಯಲ್ಲೇ ಉಸಿರು ಬಿಟ್ಟರೆ ಶ್ವಾಸಕೋಶದ ಚಿತ್ರ ಮಸುಕು. ಮತ್ತೊಮ್ಮೆ ತೆಗೆಯಬೇಕು. ಮತ್ತೊಮ್ಮೆ ಎಂದರೆ ಕಿರಣವೂ ಮತ್ತೊಮ್ಮೆ. ನನ್ನ ಅಪ್ಪನ ಎದೆಯ ಚಿತ್ರ ಹೀಗೇ ಎರಡು ಸಲ ಆಗಿತ್ತು, ಬೇರೊಂದು ಊರಿನ ಸಣ್ಣ ಕ್ಲಿನಿಕ್ಕಿನಲ್ಲಿ. ಕೊರಳ ತಾಯತ ತೆಗೆಯಲು ಯಾರೂ ಹೇಳಿರಲಿಲ್ಲ. ಮೊದಲ ಚಿತ್ರದಲ್ಲಿ ಎದೆಗೂಡಿನ ನಡುವೆ ಬೆಳ್ಳಗೆ ಒಂದು ಕೊಳವೆ ಕಂಡು, ಎರಡು ನಿಮಿಷ ನಮ್ಮ ಜೀವ ಹೋಗಿ ಬಂದಿತ್ತು.

ಫಿಲ್ಮಿನ ಕಾಲದಲ್ಲಿ ತಪ್ಪು ಅಡಗಿಸಲು ಆಗುತ್ತಿರಲಿಲ್ಲ. ಕಿರಣ ಹೆಚ್ಚಾದರೆ ಫಿಲ್ಮ್ ಕಪ್ಪಿಡುತ್ತಿತ್ತು, ಕಡಿಮೆಯಾದರೆ ಬಿಳಚುತ್ತಿತ್ತು. ಕತ್ತಲೆ ಕೋಣೆಯ ಕೆಂಪು ದೀಪದಡಿ, ಫಿಕ್ಸರಿನ ಹುಳಿ ವಾಸನೆಯಲ್ಲಿ, ತಾನು ಮಾಡಿದ್ದು ತನ್ನ ಕಣ್ಣೆದುರೇ ಮೂಡುತ್ತಿತ್ತು. ಆಟಿ ತಿಂಗಳ ಮಳೆಯಲ್ಲಿ ಫಿಲ್ಮ್ ಒಣಗಿಸುವ ಪಾಡು ಹಪ್ಪಳ ಒಣಗಿಸುವವರ ಪಾಡೇ. ಈಗ ಡಿಜಿಟಲ್. ಕಿರಣ ತುಸು ಹೆಚ್ಚಾದರೂ ಕಂಪ್ಯೂಟರ್ ಸರಿದೂಗಿಸಿ ಚಂದದ ಚಿತ್ರ ಕೊಡುತ್ತದೆ. ಕಡಿಮೆಯಾದರೆ ಮಾತ್ರ ಚುಕ್ಕಿಚುಕ್ಕಿ ಕಾಣಿಸುತ್ತದೆ, ಓದುವ ಡಾಕ್ಟರು ಗೊಣಗುತ್ತಾರೆ. ಬೈಸಿಕೊಳ್ಳುವುದಕ್ಕಿಂತ ಒಂದಿಷ್ಟು ಜಾಸ್ತಿಯೇ ಇರಲಿ ಎನಿಸುವುದು ಮನುಷ್ಯಸಹಜ. ವರ್ಷಗಟ್ಟಲೆ ಹೀಗೆ ಕಿರಣ ತಾನಾಗಿ ಮೇಲೇರುತ್ತ ಹೋಗುವುದನ್ನು ಲೋಕದ ರೇಡಿಯಾಲಜಿಯವರೆಲ್ಲ ಬಲ್ಲರು. ಹಳೆಯ ಫಿಲ್ಮ್ ನಿಷ್ಠುರವಾದಿ, ಹೊಸ ಪರದೆ ಮುಖಸ್ತುತಿ ಮಾಡುವಂಥದ್ದು ಎಂದು ನನಗೆ ಅನಿಸುವುದು ಅದಕ್ಕೇ.

ಹಾಗಾಗಿ ಯಂತ್ರವನ್ನು ಪರೀಕ್ಷೆಗೆ ಕೂರಿಸಬೇಕು. ಎರಡು ವರ್ಷಕ್ಕೊಮ್ಮೆಯಾದರೂ ಗುಣಮಟ್ಟದ ತಪಾಸಣೆ ಆಗಲೇಬೇಕೆಂಬುದು ನಿಯಮ. ಕಸುಬಿನವರು ಅದನ್ನು ಕ್ಯೂಎ ಎನ್ನುತ್ತಾರೆ. ಪೆಟ್ಟಿಗೆಯಲ್ಲಿ ಮೀಟರುಗಳನ್ನು ಹೊತ್ತು ತಂದ ಎಂಜಿನಿಯರ್ ಗಂಟೆಗಟ್ಟಲೆ ಅಳೆಯುತ್ತಾರೆ: 80 ಕಿಲೋವೋಲ್ಟ್ ಎಂದು ಒತ್ತಿದರೆ ನಿಜಕ್ಕೂ 80 ಬರುತ್ತದೆಯೇ (ಐದು ಹೆಚ್ಚುಕಡಿಮೆ ಆದರೆ ನಡೆಯುತ್ತದೆ), ಟ್ಯೂಬಿನ ಕವಚದಿಂದ ಕಿರಣ ಸೋರುತ್ತಿದೆಯೇ, ಹೇಳಿದಷ್ಟೇ ಹೊತ್ತು ಉರಿಯುತ್ತಿದೆಯೇ. ನನಗೆ ಹಿಡಿಸಿದ್ದು ನಾಣ್ಯದ ಪರೀಕ್ಷೆ. ಎಕ್ಸ್‌ರೇ ಕಣ್ಣಿಗೆ ಕಾಣದ್ದರಿಂದ ಯಂತ್ರದಲ್ಲಿ ಒಂದು ಬಲ್ಬು ಇರುತ್ತದೆ, ಕಿರಣ ಬೀಳುವ ಜಾಗದಲ್ಲಿ ಹಳದಿ ಬೆಳಕಿನ ಚೌಕ ಮೂಡಿಸುತ್ತದೆ. ಟೆಕ್ನಿಶಿಯನ್ ನಂಬುವುದು ಆ ಚೌಕವನ್ನು. ಬೆಳಕಿನ ನಾಲ್ಕೂ ಅಂಚಿಗೆ ಒಂದೊಂದು ನಾಣ್ಯ ತಾಗಿಸಿಟ್ಟು ಎಕ್ಸ್‌ರೇ ತೆಗೆದರೆ, ಬೆಳಕಿನ ಅಂಚೂ ಕಿರಣದ ಅಂಚೂ ಒಂದೇ ಕಡೆ ಇವೆಯೋ ಇಲ್ಲವೋ ನಾಣ್ಯದ ನೆರಳೇ ಸಾಕ್ಷಿ ಹೇಳುತ್ತದೆ. ಒಂದು ಮೀಟರ್ ದೂರದಲ್ಲಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ತಪ್ಪಿರಬಾರದು. ಒಳಗಿನ ಕನ್ನಡಿ ತುಸು ಓರೆಯಾದರೂ ಸಾಕು, ಮೊಣಕಾಲಿಗೆ ಹಿಡಿದದ್ದು ತೊಡೆಗೂ ಬೀಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸೀಸದ ಏಪ್ರನ್ನಿಗೂ ಇದೇ ಉಪಚಾರ. ಮಡಚಿಟ್ಟರೆ ಒಳಗೇ ಬಿರುಕು ಬಿಡುತ್ತದೆ. ಅದಕ್ಕೆ ಹ್ಯಾಂಗರಿಗೆ ತೂಗುಹಾಕಬೇಕು, ಆಗಾಗ ಏಪ್ರನ್ನಿನದ್ದೇ ಎಕ್ಸ್‌ರೇ ತೆಗೆದು ನೋಡಬೇಕು.

ಗೋಡೆಯ ವಿಷಯದಲ್ಲಿ ನಮ್ಮ ಕರಾವಳಿಯದ್ದೇ ಒಂದು ತಕರಾರು ಇದೆ. ನಿಯಮ ಇಟ್ಟಿಗೆಯ ಲೆಕ್ಕ ಹೇಳುತ್ತದೆ, 23 ಸೆಂಟಿಮೀಟರ್ ದಪ್ಪ. ನಮ್ಮ ಗೋಡೆಗಳೋ ಕೆಂಪುಕಲ್ಲಿನವು, ತೂತುತೂತು. ಕಲ್ಲು ಕಲ್ಲಿನ ನಡುವೆ ಗಾರೆ ಸರಿ ತುಂಬಿದೆಯೋ ಇಲ್ಲವೋ ಕಟ್ಟಿದ ಮೇಸ್ತ್ರಿಗೇ ಗೊತ್ತು. ಗೋಡೆಯ ಆಚೆ ಬದಿ ಮೀಟರ್ ಹಿಡಿದು ಅಳೆಯದೆ ಬೇರೆ ದಾರಿಯಿಲ್ಲ. ಬಾಗಿಲಿಗೆ ಸೀಸದ ಹಾಳೆ, ಮೇಲೆ ಕೆಂಪು ದೀಪ, ಗರ್ಭಿಣಿಯರು ಮೊದಲೇ ತಿಳಿಸಬೇಕೆಂಬ ಫಲಕ.

ಇದನ್ನೆಲ್ಲ ನೋಡಿಕೊಳ್ಳುವ ಮಂಡಳಿ ಹುಟ್ಟಿದ್ದು 1983ರ ನವೆಂಬರ್ 15ರಂದು. ಕಚೇರಿ ಮುಂಬೈಯಲ್ಲಿ. ಹುಟ್ಟಿದ ಮಾತ್ರಕ್ಕೆ ಹಿಡಿತ ಬಂದಿರಲಿಲ್ಲ. 2012ರಲ್ಲಿ ಸಿಎಜಿ ಲೆಕ್ಕ ತೆಗೆದಾಗ ದೇಶದ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳಲ್ಲಿ ನೋಂದಾಯಿಸಿದ್ದು ಬರೀ 5,270. ಪ್ರತಿ ರಾಜ್ಯಕ್ಕೂ ವಿಕಿರಣ ಸುರಕ್ಷೆಯ ನಿರ್ದೇಶನಾಲಯ ಬೇಕೆಂದು ಸುಪ್ರೀಂ ಕೋರ್ಟು 2001ರಲ್ಲೇ ಹೇಳಿತ್ತು. ಪಕ್ಕದ ಕೇರಳ ಅಂಥದ್ದೊಂದನ್ನು ಮಾಡಿಕೊಂಡಿತ್ತು, ಹೆಚ್ಚಿನ ರಾಜ್ಯಗಳು ಸುಮ್ಮನಿದ್ದವು. ಆಮೇಲೆ ಇ-ಲೋರಾ ಎಂಬ ಆನ್‌ಲೈನ್ ವ್ಯವಸ್ಥೆ ಬಂದು ಪರವಾನಗಿ, ಯಂತ್ರ ಖರೀದಿ, ಬ್ಯಾಡ್ಜಿನ ವಿವರ ಒಂದೇ ಕಡೆ ಸೇರಿದವು. ಸೆಂಟರಿನ ಗೋಡೆಯ ಮೇಲೆ ದೇವರ ಫೋಟೋದ ಪಕ್ಕ ಆ ಪರವಾನಗಿಯೂ ತೂಗುತ್ತಿರಬಹುದು, ಒಮ್ಮೆ ಕಣ್ಣಾಡಿಸಿ. ಅಂದ ಹಾಗೆ ಅಲ್ಟ್ರಾಸೌಂಡಿನಲ್ಲೂ ಎಂಆರ್‌ಐಯಲ್ಲೂ ಈ ಕಿರಣವೇ ಇಲ್ಲ. ಅಲ್ಟ್ರಾಸೌಂಡಿಗೆ ಬಿಗಿ ಕಾನೂನು ಇರುವುದು ಭ್ರೂಣಲಿಂಗ ಪತ್ತೆಯ ಕಾರಣಕ್ಕೆ. "ಸ್ಕ್ಯಾನಿಂಗ್" ಎಂಬ ಒಂದೇ ಪದದಲ್ಲಿ ನಾವು ಎಲ್ಲವನ್ನೂ ಕಟ್ಟಿಹಾಕಿದ್ದೇವೆ.

ಹೆದರುವವರಿಗೆ ಒಂದು ಅಳತೆ. ಎದೆಯ ಎಕ್ಸ್‌ರೇ ಒಂದಕ್ಕೆ ಸುಮಾರು 0.02 ಮಿಲಿಸೀವರ್ಟ್. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಲೋಕದ ಮನುಷ್ಯನಿಗೆ ಸರಾಸರಿ ವರ್ಷಕ್ಕೆ 2.4 ಹೇಗೂ ಬರುತ್ತದೆ, ಅಂದರೆ ಎಕ್ಸ್‌ರೇಯದ್ದು ಮೂರು ದಿನದ ಪಾಲು. ಕಾರ್ಕಳದ ಗೊಮ್ಮಟನ ಬಂಡೆಯಂಥ ಕಲ್ಲಿನಲ್ಲೂ ಯುರೇನಿಯಂ, ಥೋರಿಯಂ ಕಣಕಣ ಇದ್ದೇ ಇರುತ್ತವೆ, ಉಳ್ಳಾಲದ ಮರಳಿನಲ್ಲಿ ಮೋನಜೈಟ್ ಇದೆ. ಎದೆಯ ಸಿ.ಟಿ. ಮಾತ್ರ ಬೇರೆ ಲೆಕ್ಕ, ಸುಮಾರು 7. ಮೂರು ವರ್ಷದ ಪಾಲು ಒಂದೇ ಸಲಕ್ಕೆ. ಎಕ್ಸ್‌ರೇಗೆ ಹೆದರಿ ಸಿ.ಟಿ.ಯನ್ನು "ಒಳ್ಳೇದು ಅಲ್ವಾ, ಎಲ್ಲ ಗೊತ್ತಾಗ್ತದೆ" ಎಂದು ಕೇಳಿ ತೆಗೆಸಿಕೊಳ್ಳುವವರನ್ನು ನಾನು ನೋಡಿದ್ದೇನೆ.

ಕಾಪುವಿನ ಒಂದು ಸೆಂಟರಿನಲ್ಲಿ ಕೂತಿದ್ದಾಗ ಶಿರ್ವದ ಕಡೆಯಿಂದ ಒಬ್ಬ ಅಜ್ಜಿ ಬಂದರು. ಮೊಣಕಾಲು ನೋವು. ಕೈಯಲ್ಲಿ ಜವಳಿ ಅಂಗಡಿಯ ಚೀಲ. ಅದರಲ್ಲಿ ಹಳೆಯ ಫಿಲ್ಮುಗಳ ಕಂತೆ, ಮೇಲೆ ಅಡಿಕೆ ಪೊಟ್ಟಣ. ಟೆಕ್ನಿಶಿಯನ್ ಹುಡುಗಿ ಒಂದೊಂದನ್ನೇ ಬೆಳಕಿಗೆ ಹಿಡಿದು ತಾರೀಕು ನೋಡುತ್ತ ಹೋದಳು. ಎರಡು ತಿಂಗಳ ಹಿಂದಿನದ್ದು, ಅದೇ ಕಾಲು, ಅದೇ ಭಂಗಿ. ಚೀಟಿ ಬರೆದ ಡಾಕ್ಟರಿಗೆ ಫೋನು ಮಾಡಿದಳು. ಬಿದ್ದದ್ದುಂಟಾ ಎಂದು ಅವರು ಕೇಳಿದರು, ಇಲ್ಲ ಎಂದರು ಅಜ್ಜಿ. ಹಾಗಾದರೆ ಹಳೆಯದೇ ಸಾಕು ಎಂದಾಯಿತು. "ಅಮ್ಮ, ಇವತ್ತು ಎಕ್ಸ್‌ರೇ ಬೇಡ, ಇದನ್ನೇ ಡಾಕ್ಟ್ರಿಗೆ ತೋರಿಸಿ" ಎಂದು ಹುಡುಗಿ ಫಿಲ್ಮನ್ನು ಚೀಲಕ್ಕೆ ತುರುಕಿದಳು.

ಅಜ್ಜಿಗೆ ಸಮಾಧಾನವಾಗಲಿಲ್ಲ. "ಅಷ್ಟು ದೂರದಿಂದ ಬಂದದ್ದು ಮಗಳೇ, ಒಂದು ತೆಗೆದು ಬಿಡು" ಎಂದರು. ಹುಡುಗಿ ತಲೆಯಾಡಿಸಿ, ಬಿಸಿನೀರು ಬೇಕಾ ಎಂದು ಕೇಳಿದಳು. ಎದೆಯ ಮೇಲಿನ ಬ್ಯಾಡ್ಜನ್ನು ತೆಗೆದು ಗೋಡೆಯ ಹಲಗೆಗೆ ಸಿಕ್ಕಿಸಿ ಊಟಕ್ಕೆ ಎದ್ದಳು. ಅಜ್ಜಿ ಅಡಿಕೆ ಬಾಯಿಗೆ ಹಾಕಿಕೊಂಡು, ಶಿರ್ವದ ಬಸ್ಸು ಎಷ್ಟು ಗಂಟೆಗೆ ಎಂದು ನನ್ನನ್ನು ಕೇಳಿದರು.