ಮನೆಪಟ್ಟಿ ಪಂಚಾಯ್ತಿಗೆ, ನೆಲ ಯಾರಿಗೆ?

ಜೋಯಿಡಾ: ಸೂಪಾ ಎಂಬ ಊರು ಈಗ ನೀರಿನಡಿ. ಆದರೆ ಸರಕಾರದ ಕಾಗದದಲ್ಲಿ ಅದು ಸುಲಭಕ್ಕೆ ಮುಳುಗಲಿಲ್ಲ. 2011ರ ಜನಗಣತಿಯಲ್ಲೂ ಈ ತಾಲ್ಲೂಕಿನ ಹೆಸರು ಸೂಪಾ ಎಂದೇ ಇದೆ. ಹೆಸರು ಉಳಿಯಿತು, ಊರು ಹೋಯಿತು. ಹೋದವರ ಮನೆ ನಿಂತ ನೆಲ ಯಾರದು ಎಂಬ ಪ್ರಶ್ನೆ ಮಾತ್ರ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇನ್ನೂ ಆರಿಲ್ಲ.

ಕಾಳಿ ಮತ್ತು ಪಾಂಡರಿ ಕೂಡುವಲ್ಲಿದ್ದ ಊರದು. ವಿದ್ಯುತ್ ನಿಗಮ ಅಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎಬ್ಬಿಸಿತು. 1987ರಲ್ಲಿ ಕೆಲಸ ಮುಗಿಯಿತು. ಕಚೇರಿಗಳು ಜೋಯಿಡಾಕ್ಕೆ ಬಂದವು. ನಿರಾಶ್ರಿತರಿಗೆ ರಾಮನಗರದಲ್ಲಿ ಜಾಗ ಸಿಕ್ಕಿತು. ಗಣೇಶಗುಡಿ, ಅಂಬಿಕಾನಗರಗಳಲ್ಲಿ ನಿಗಮದ ಕಾಲನಿಗಳು ಎದ್ದವು. ಕಾಲನಿ ಬಂದಲ್ಲಿ ಕಿರಾಣಿ, ಸಲೂನು, ಸೈಕಲ್ ಶಾಪು ಬಾರದೇ ಇರುತ್ತವೆಯೆ?

ಹೀಗಾಗಿ ಒಂದೇ ರಸ್ತೆಯ ಬದಿಗೆ ಮೂರು ನಮೂನೆಯ ನೆಲ ಇರಬಹುದು. ಒಂದು ಕಂದಾಯ ಇಲಾಖೆಯದು, ಇನ್ನೊಂದು ನಿಗಮದ್ದು, ಮತ್ತೊಂದು ಅರಣ್ಯದ್ದು. ಮೂರಕ್ಕೂ ಯಜಮಾನರು ಬೇರೆ ಬೇರೆ. ಮೇಲೆ ನಿಂತ ಮನೆಗಳು ನೋಡುವುದಕ್ಕೆ ಒಂದೇ ಥರ.

"ಇಪ್ಪತ್ತು ವರ್ಷದಿಂದ ಮನೆಪಟ್ಟಿ ತುಂಬೇನ್ರೀ, ಇನ್ನೇನು ಬೇಕು?" ಎಂದು ಕೇಳುವವರು ಬಹಳ. ಬೇಕು ಸ್ವಾಮಿ, ಬೇಕು. ಪಟ್ಟಿ ತುಂಬಿದ ರಸೀದಿ ತೆರಿಗೆ ಕೊಟ್ಟಿದ್ದಕ್ಕೆ ಸಾಕ್ಷಿ, ಅಷ್ಟೇ. ಅದು ಹಕ್ಕುಪತ್ರವಲ್ಲ. ಪಂಚಾಯ್ತಿಯ ಇ-ಸ್ವತ್ತು ಪುಸ್ತಕದಲ್ಲಿ ಹೆಸರಿದ್ದರೂ ಸರಕಾರಿ ನೆಲ ಖಾಸಗಿ ಆಗುವುದಿಲ್ಲ. ಬ್ಯಾಂಕಿನವರು ಸಾಲಕ್ಕೆ ಕಾಗದ ಕೇಳಿದಾಗ, ಅಣ್ಣ ತಮ್ಮ ಪಾಲಾಗುವಾಗ ಈ ಸತ್ಯ ಮನೆಯವರ ಎದೆಗೆ ನಾಟುತ್ತದೆ.

ದಾರಿ ಇಲ್ಲವೆಂದಲ್ಲ. 1964ರ ಭೂಕಂದಾಯ ಕಾಯ್ದೆಯ 94-ಸಿ ಕಲಮಿನಂತೆ, ಹಳ್ಳಿಗಾಡಿನ ಸರಕಾರಿ ಜಾಗದಲ್ಲಿ ನಿಗದಿತ ತಾರೀಖಿಗೆ ಮೊದಲು ಕಟ್ಟಿದ ವಾಸದ ಮನೆಯನ್ನು ಸಕ್ರಮ ಮಾಡಬಹುದು. ಅದು ತಹಶೀಲ್ದಾರರ ಕೆಲಸ. ಆದರೆ ಕಲಮಿನಲ್ಲಿರುವುದು ವಾಸದ ಮನೆ. ಅಂಗಡಿಕಾರರು ಇದನ್ನು ಮರೆಯಬಾರದು. ನಿಗಮದ ನೆಲಕ್ಕೆ ನಿಗಮವನ್ನೇ ಕೇಳಬೇಕು. ಅರಣ್ಯವಾದರೆ 1980ರ ಕಾಯ್ದೆ ಅಡ್ಡ ನಿಲ್ಲುತ್ತದೆ. ಅಲ್ಲಿ ದಿಲ್ಲಿಯ ಒಪ್ಪಿಗೆ ಬೇಕು.

ಹಾಗಾದರೆ ಜನ ಆರಿಸಿದ ಪಂಚಾಯ್ತಿ ಇರುವುದೇಕೆ? ಈ ಪ್ರಶ್ನೆ ನಮ್ಮದೊಂದೇ ಅಲ್ಲ. ಲಂಡನ್ನಿನಲ್ಲಿ ಹಡಗುಕಟ್ಟೆಗಳು ಮುಚ್ಚಿ, ಅಲ್ಲಿನ ಸಾರ್ವಜನಿಕ ನೆಲ ಖಾಲಿ ಬಿದ್ದಾಗ 1981ರಲ್ಲಿ ಸರಕಾರ ಒಂದು ಅಭಿವೃದ್ಧಿ ನಿಗಮ ಮಾಡಿತು. ಕಟ್ಟಡಕ್ಕೆ ಪರವಾನಗಿ ಕೊಡುವ ಅಧಿಕಾರ ಸ್ಥಳೀಯ ಕೌನ್ಸಿಲುಗಳ ಕೈತಪ್ಪಿ ಅದಕ್ಕೆ ಹೋಯಿತು. ದೊಡ್ಡ ಕಚೇರಿಗಳು, ಹೊಸ ಮನೆಗಳು ಎದ್ದವು. ಹಡಗುಕಟ್ಟೆಯಲ್ಲಿ ದುಡಿದವರಿಗೆ ಮಾತ್ರ ಆ ಮನೆಗಳ ಬೆಲೆ ಕೈಗೆಟುಕಲಿಲ್ಲ ಎಂಬ ದೂರು ಉಳಿಯಿತು. 1998ರಲ್ಲಿ ನಿಗಮ ಬಾಗಿಲು ಹಾಕಿತು. ಅಷ್ಟು ದೊಡ್ಡ ಪಟ್ಟಣದ ಕೌನ್ಸಿಲಿಗೇ ಆ ಗತಿಯಾದರೆ ಕಾಡಿನಂಚಿನ ಪಂಚಾಯ್ತಿಯ ಪಾಡೇನು?

ಪಂಚಾಯ್ತಿ ಹಕ್ಕುಪತ್ರ ಕೊಡಲಾರದು, ಖರೆ. ಕೇಳುವುದಕ್ಕೆ ಯಾರ ಅಡ್ಡಿ? 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಕಂದಾಯ, ಅರಣ್ಯ, ನಿಗಮ ಮೂವರೂ ಕೂಡಿ ಅಳತೆ ಮಾಡಲಿ. ಯಾವ ಮನೆ ಯಾರ ನೆಲದ ಮೇಲಿದೆ ಎಂಬ ಪಟ್ಟಿ ಪಂಚಾಯ್ತಿಯ ಗೋಡೆಗೆ ಅಂಟಲಿ ಎಂದು ಅಲ್ಲಿ ಠರಾವು ಮಾಡಬಹುದು. ಖಾಲಿ ಕ್ವಾರ್ಟರ್ಸ್ ಎಲ್ಲಾದರೂ ಇದ್ದರೆ, ಹೊರಗಿನ ಗುತ್ತಿಗೆದಾರನಿಗೆ ಕೊಡುವ ಮೊದಲು ಊರವರನ್ನು ಕೇಳಿ ಎಂದೂ ಬರೆಯಬಹುದು. ಠರಾವಿಗೆ ಕಾಯ್ದೆಯ ಬಲ ಕಡಿಮೆ ಇರಬಹುದು. ಆದರೆ ನಾಳೆ ನೋಟೀಸು ಬಂದಾಗ ತೋರಿಸಲು ಒಂದು ಕಾಗದವಾದರೂ ಕೈಯಲ್ಲಿರುತ್ತದೆ.

ಗ್ರಾಮಸಭೆಯ ದಿನ ಅಂಗಡಿ ಅರ್ಧ ದಿನ ಮುಚ್ಚಿದರೆ ಅರ್ಧ ದಿನದ ವ್ಯಾಪಾರ ಹೋದೀತು. ಹೋಗದಿದ್ದರೆ ಅಂಗಡಿ ನಿಂತ ಜಾಗವೇ ಹೋದೀತು. ನಾಡಿಗೆ ಬೆಳಕು ಕೊಡಲು ಒಮ್ಮೆ ಊರು ಬಿಟ್ಟ ಜನ ಇವರು. ಅವರಿಗೆ ಕೊಡಬೇಕಾದದ್ದು ಒಂದು ಉತಾರ, ಅದರಲ್ಲಿ ಅವರದೇ ಹೆಸರು.