ಕೇಳಿ ಪಡೆದ ಧರ್ಮಸ್ವಾತಂತ್ರ್ಯ

1677ರಲ್ಲಿ ದೀವ್ ಬಂದರಿನ ಬನಿಯಾ ವರ್ತಕ ನೀಮಾ ಪಾರಖ್ ಮುಂಬಯಿಯಲ್ಲಿ ನೆಲೆಸುವ ಮೊದಲು ಈಸ್ಟ್ ಇಂಡಿಯಾ ಕಂಪನಿಗೆ ಷರತ್ತು ಹಾಕಿದ. ಬಾಯಿಮಾತು ಸಾಲದು, ಕಂಪನಿಯ ಮೊಹರು ಬಿದ್ದ ಕಾಗದವೇ ಬೇಕು ಎಂದ. ತನಗೂ ತನ್ನ ಜಾತಿಯ ಪುರೋಹಿತರಿಗೂ ಮನೆಯೊಳಗೆ ಪೂಜೆ ಪುನಸ್ಕಾರಕ್ಕೆ ಅಡ್ಡಿಯಿರಬಾರದು. ತಮ್ಮ ವಠಾರದಲ್ಲಿ ಯಾರೂ ಪ್ರಾಣಿಹತ್ಯೆ ಮಾಡಕೂಡದು. ಸತ್ತವರನ್ನು ಸುಡುವುದು, ಮದುವೆ ಮಾಡುವುದು ತಮ್ಮ ಪದ್ಧತಿಯಂತೆಯೇ ನಡೆಯಬೇಕು. ತಮ್ಮವರಲ್ಲಿ ಗಂಡಾಗಲಿ ಹೆಣ್ಣಾಗಲಿ, ಎಳೆಯರಾಗಲಿ ಮುದುಕರಾಗಲಿ, ಯಾರನ್ನೂ ಬಲವಂತದಿಂದ ಕ್ರೈಸ್ತರನ್ನಾಗಿ ಮಾಡಬಾರದು. ಕಂಪನಿ ಒಪ್ಪಿಕೊಂಡಿತು. ಕೊನೆಯ ಷರತ್ತು ಸುಮ್ಮನೆ ಹುಟ್ಟಿದ್ದಲ್ಲ. ದೀವ್ ಆಗ ಪೋರ್ಚುಗೀಸರ ವಶದಲ್ಲಿತ್ತು. ಅವರ ಗೋವೆಯಲ್ಲಿ ಹಿಂದೂ ಅನಾಥ ಮಕ್ಕಳನ್ನು ಕೊಂಡೊಯ್ದು ದೀಕ್ಷಾಸ್ನಾನ ಮಾಡಿಸುವ ಕಾನೂನಿತ್ತು, 1560ರಿಂದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯವೂ ಇತ್ತು. ಇಂದಿನ ಬೊರಿವಲಿಯ ಮಂಡಪೇಶ್ವರ ಗುಹೆಯ ಶಿವಾಲಯವನ್ನು ಫ್ರಾನ್ಸಿಸ್ಕನ್ ಪಾದ್ರಿಗಳು ಇಗರ್ಜಿಯಾಗಿ ಮಾಡಿಕೊಂಡಿದ್ದರು. ಮುಂಬಯಿಯ ಧರ್ಮಸ್ವಾತಂತ್ರ್ಯವನ್ನು ಇಂಗ್ಲಿಷರ ಉದಾರ ಕೊಡುಗೆ ಎಂದು ಬರೆಯುವವರು ಈ ಕಾಗದವನ್ನು ಮರೆಯುತ್ತಾರೆ. ಅದು ದಾನವಾಗಿ ಬಂದದ್ದಲ್ಲ. ಬರುವವರು ಚೌಕಾಸಿ ಮಾಡಿ ಪಡೆದದ್ದು.

ಅದೇ ಕಾಲದಲ್ಲಿ ಅದೇ ಇಂಗ್ಲಿಷರು ಅಮೆರಿಕದಲ್ಲಿ ನಡೆದುಕೊಂಡ ರೀತಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಇಂಗ್ಲೆಂಡಿನ ಚರ್ಚಿನ ಕಾಟ ತಾಳದೆ 1630ರಲ್ಲಿ ಮ್ಯಾಸಚೂಸೆಟ್ಸ್‌ಗೆ ಹೋದ ಪ್ಯೂರಿಟನ್ನರು, ತಮ್ಮ ವಸಾಹತಿನಲ್ಲಿ ಬೇರೆಯವರಿಗೆ ಜಾಗ ಕೊಡಲಿಲ್ಲ. ಮನುಷ್ಯನ ಅಂತಃಸಾಕ್ಷಿಯ ಮೇಲೆ ಸರ್ಕಾರಕ್ಕೆ ಅಧಿಕಾರವಿಲ್ಲ ಎಂದು ವಾದಿಸಿದ ಸೇಲಂ ಊರಿನ ಬೋಧಕ ರೋಜರ್ ವಿಲಿಯಮ್ಸ್‌ಗೆ ಗಡೀಪಾರಿನ ಶಿಕ್ಷೆಯಾಯಿತು. ಆತ ಚಳಿಗಾಲದ ನಡುವೆ ಓಡಿಹೋಗಿ, 1636ರಲ್ಲಿ ಪ್ರಾವಿಡೆನ್ಸ್ ಎಂಬ ಊರು ಕಟ್ಟಿದ. 1660ರ ಜೂನ್ 1ರಂದು ಅದೇ ವಸಾಹತಿನ ಬಾಸ್ಟನ್ನಿನಲ್ಲಿ ಕ್ವೇಕರ್ ಪಂಥದ ಮೇರಿ ಡಯರ್ ಎಂಬ ಹೆಂಗಸನ್ನು ಗಲ್ಲಿಗೇರಿಸಿದರು. ಮರುವರ್ಷವೇ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳ ವರದಕ್ಷಿಣೆಯಾಗಿ ಮುಂಬಯಿ ನಿಗದಿಯಾಯಿತು. ಇಲ್ಲಿನ ಕ್ಯಾಥೊಲಿಕರ ಆರಾಧನೆಗೆ ತೊಂದರೆ ಕೊಡಬಾರದೆಂದು ಆ ಒಪ್ಪಂದದಲ್ಲೇ ಬರೆದಿತ್ತು. 1668ರಲ್ಲಿ ದೊರೆ ದ್ವೀಪವನ್ನು ವರ್ಷಕ್ಕೆ 10 ಪೌಂಡ್ ಗೇಣಿಗೆ ಕಂಪನಿಗೆ ವಹಿಸಿದ. 1669ರಿಂದ 1677ರವರೆಗೆ ಆಡಳಿತ ನಡೆಸಿದ ಗವರ್ನರ್ ಜೆರಾಲ್ಡ್ ಆಂಜಿಯರ್‌ಗೆ ಬಂದರು ಬೆಳೆಸಲು ಜನ ಬೇಕಾಗಿದ್ದರು. ಬನಿಯಾಗಳು, ಪಾರ್ಸಿಗಳು, ಅರ್ಮೇನಿಯನ್ನರು ಬಂದರು. ಪಾರ್ಸಿಗಳ ಮೊದಲ ದಖ್ಮಾ, ಅಂದರೆ ಶವಗಳನ್ನಿಡುವ ಗೋಪುರ, ಮಲಬಾರ್ ಹಿಲ್‌ನಲ್ಲಿ ಎದ್ದದ್ದು ಆ ದಶಕದಲ್ಲೇ.

ಇದೆಲ್ಲ ಲಾಭಕ್ಕಾಗಿ ತಾನೆ, ಇದರಲ್ಲಿ ತತ್ವವೆಲ್ಲಿದೆ ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ವ್ಯಾಪಾರದ ಲಾಭ ಪೋರ್ಚುಗೀಸರಿಗೂ ಬೇಕಿತ್ತು; ಆದರೂ ಅವರು ಇನ್‌ಕ್ವಿಸಿಷನ್ ಬಿಡಲಿಲ್ಲ, ಗೋವೆಯಲ್ಲಿ ಅದು ಮುಗಿದದ್ದು 1812ರಲ್ಲಿ. ಲಾಭವೊಂದೇ ಯಾರನ್ನೂ ಸಹಿಷ್ಣುಗಳನ್ನಾಗಿ ಮಾಡುವುದಿಲ್ಲ ಎಂಬುದು ಇದರಿಂದಲೇ ಸ್ಪಷ್ಟ. ಜೊತೆಗೆ, ಕಂಪನಿಯ ಉದ್ದೇಶ ಏನೇ ಇರಲಿ, ನೀಮಾ ಪಾರಖ್‌ನ ಉದ್ದೇಶ ಬರೀ ಹಣವಲ್ಲ. ತನ್ನ ಮನೆಯ ಮಗುವನ್ನು ಯಾರೂ ಎಳೆದೊಯ್ಯದಿರಲಿ ಎಂದು ಕೇಳಿದವನ ಮಾತಿನಲ್ಲಿ ತತ್ವಶಾಸ್ತ್ರದ ಪರಿಭಾಷೆ ಇಲ್ಲದಿರಬಹುದು, ಘನತೆ ಮಾತ್ರ ಧಾರಾಳವಾಗಿದೆ. 1718ರ ಕ್ರಿಸ್‌ಮಸ್ ದಿನ ಕೋಟೆಯೊಳಗಿನ ಸೇಂಟ್ ಥಾಮಸ್ ಚರ್ಚ್ ತೆರೆದಾಗ, ವಾಲ್ಕೇಶ್ವರ ದೇವಸ್ಥಾನವನ್ನು ಮೂರು ವರ್ಷ ಮುಂಚೆ ಮತ್ತೆ ಕಟ್ಟಿಸಿದ್ದ ಸಾರಸ್ವತ ವರ್ತಕ ರಾಮ ಕಾಮತಿ ತನ್ನ ಜಾತಿಯವರನ್ನೆಲ್ಲ ಕರೆದುಕೊಂಡು ಬಂದು, ಪ್ರಾರ್ಥನೆ ಮುಗಿಯುವ ತನಕ ಹೊರಗೆ ನಿಂತು ನೋಡಿದ. ಮೇರಿ ಡಯರ್ ಕಾಲದ ಬಾಸ್ಟನ್ನಿನಲ್ಲಿ ಇಂಥದ್ದು ನಡೆಯುತ್ತಿರಲಿಲ್ಲ.

ಆದರೆ ಈ ಕರಾರಿನ ಕೊರತೆಯನ್ನು ಮುಚ್ಚಿಟ್ಟರೆ ವಾದ ನಿಲ್ಲುವುದಿಲ್ಲ. ಮುಂಬಯಿಯಲ್ಲಿ ಸ್ವಾತಂತ್ರ್ಯ ಸಿಕ್ಕಿದ್ದು ಸಮುದಾಯಕ್ಕೆ, ಒಬ್ಬೊಬ್ಬ ಮನುಷ್ಯನಿಗಲ್ಲ. ಆಂಜಿಯರ್ ಪ್ರತಿ ಪಂಗಡವೂ ತನ್ನ ಮುಖಂಡರನ್ನು ಆರಿಸಿ, ಒಳಜಗಳಗಳನ್ನು ತಾನೇ ಬಗೆಹರಿಸಿಕೊಳ್ಳಲಿ ಎಂದ. ಹೊರಗಿನವರು ಒಳಗೆ ಕೈಹಾಕಕೂಡದು ಎಂಬ ಗೋಡೆ ಎದ್ದಿತು. ಗೋಡೆಯೊಳಗೆ ಒಬ್ಬ ಬೇರೆ ರೀತಿ ಯೋಚಿಸಿದರೆ ಅವನ ಗತಿಯೇನು ಎಂದು ಯಾರೂ ಬರೆಯಲಿಲ್ಲ. ರೋಜರ್ ವಿಲಿಯಮ್ಸ್ ಎತ್ತಿದ ಪ್ರಶ್ನೆಯೂ ಇದೇ.

ಈ ಎರಡು ಬಗೆಯ ಯೋಚನೆಗಳು ಮುಂಬಯಿಯಲ್ಲೇ ಒಮ್ಮೆ ಮುಖಾಮುಖಿಯಾದವು. 1812ರ ಫೆಬ್ರವರಿಯಲ್ಲಿ ಅದೇ ಸೇಲಂ ಊರಿನಲ್ಲಿ ದೀಕ್ಷೆ ಪಡೆದ ಅಮೆರಿಕದ ಮಿಷನರಿಗಳಾದ ಗಾರ್ಡನ್ ಹಾಲ್ ಮತ್ತು ಸ್ಯಾಮ್ಯುಯೆಲ್ ನಾಟ್, ಕಲ್ಕತ್ತೆಯಿಂದ ಕಂಪನಿ ಹೊರಡಿಸಿದ ಮೇಲೆ, ಮರುವರ್ಷ ಮುಂಬಯಿಗೆ ಬಂದಿಳಿದರು. ಇವರು ಪ್ಯೂರಿಟನ್ನರ ಚರ್ಚಿನ ಪರಂಪರೆಯವರೇ. ಮಿಷನರಿಗಳಿಂದ ಜನ ಕೆರಳಿ ವ್ಯಾಪಾರ ಕೆಟ್ಟೀತೆಂಬ ಭಯ ಕಂಪನಿಗೆ. ಎಲ್ಲರನ್ನೂ ಒಳಗೆ ಬಿಟ್ಟ ಲೆಕ್ಕಾಚಾರವೇ ಇವರನ್ನು ಹೊರಗಟ್ಟಲು ಹೊರಟಿತು. ಅವರು ಗವರ್ನರ್ ಇವಾನ್ ನೇಪಿಯನ್‌ಗೆ ಅಂತಃಸಾಕ್ಷಿಯ ಹೆಸರಿನಲ್ಲಿ ಮನವಿ ಮಾಡಿಕೊಂಡರು, ಕೊನೆಗೆ ಉಳಿದರು. ಮತಾಂತರ ಮಾಡಿಸಲು ಬಂದವರನ್ನು ಎತ್ತಿ ಹಿಡಿಯುವುದು ಹೇಗೆ ಎಂದು ಅನುಮಾನಿಸುವವರಿದ್ದಾರೆ. ಈ ಮಿಷನರಿಗಳ ಗುರಿ ಒಪ್ಪದೆಯೂ ಅವರ ಪ್ರಶ್ನೆಯನ್ನು ಒಪ್ಪಬಹುದು: ನಂಬುವ, ನಂಬದಿರುವ, ನಂಬಿಕೆ ಬದಲಿಸುವ ತೀರ್ಮಾನ ಯಾರದು?

ನಮ್ಮ ಸಂವಿಧಾನ ಎರಡಕ್ಕೂ ಜಾಗ ಕೊಟ್ಟಿದೆ: 25ನೆಯ ವಿಧಿ ವ್ಯಕ್ತಿಯ ಅಂತಃಸಾಕ್ಷಿಗೆ, 26ನೆಯದು ಪಂಥಗಳಿಗೆ. ಎರಡೂ ಡಿಕ್ಕಿ ಹೊಡೆದದ್ದು ಮುಂಬಯಿಯ ಮೊಕದ್ದಮೆಯೊಂದರಲ್ಲೇ. ಯಾವ ಸಮುದಾಯವೂ ತನ್ನ ಸದಸ್ಯನಿಗೆ ಬಹಿಷ್ಕಾರ ಹಾಕಬಾರದೆಂದು ಮುಂಬಯಿ ಪ್ರಾಂತ 1949ರಲ್ಲಿ ಕಾನೂನು ಮಾಡಿತು. ದಾವೂದಿ ಬೊಹ್ರಾ ಧರ್ಮಗುರುಗಳು ಪ್ರಶ್ನಿಸಿದಾಗ, 1962ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ರದ್ದು ಮಾಡಿತು. ಸಮುದಾಯದ ಗೋಡೆ ಗೆದ್ದಿತು. 2016ರಲ್ಲಿ ಮಹಾರಾಷ್ಟ್ರ ಸಾಮಾಜಿಕ ಬಹಿಷ್ಕಾರದ ವಿರುದ್ಧ ಬೇರೆ ಕಾನೂನು ತಂದಿತು. 1962ರ ತೀರ್ಪಿನ ಮರುಪರಿಶೀಲನೆಯನ್ನು ಸುಪ್ರೀಂ ಕೋರ್ಟು 2023ರ ಫೆಬ್ರವರಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ನೀಮಾ ಪಾರಖ್ ತನ್ನವರಿಗೆ ಕೇಳಿದ ರಕ್ಷಣೆ, ತನ್ನವರಿಂದಲೇ ಹೊರಹಾಕಲ್ಪಟ್ಟವನಿಗೂ ಸಲ್ಲಬೇಕು. ಇವೆರಡರ ನಡುವೆ ಆರಿಸಲೇಬೇಕಾದಾಗ ನ್ಯಾಯಾಲಯ ಒಂಟಿ ಮನುಷ್ಯನ ಕಡೆ ನಿಲ್ಲಬೇಕು.