ಅಮ್ಮನ ಎರಡು ಸಾವಿರ
ನಮ್ಮಪ್ಪ-ಅಮ್ಮನ ಜಗಳಗಳಲ್ಲಿ ಮುಕ್ಕಾಲು ಪಾಲು ದುಡ್ಡಿನದ್ದೇ. ತವರಿಗೆ ಹೋಗುವ ಬಸ್ ಚಾರ್ಜಿಗೂ ಅಮ್ಮ ಕೈಯೊಡ್ಡಬೇಕಿತ್ತು. 2023ರ ಜೂನ್‌ನಲ್ಲಿ ‘ಶಕ್ತಿ’ ಬಂತು, ಸಾಮಾನ್ಯ ಸರ್ಕಾರಿ ಬಸ್‌ನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಬೇಡವಾಯಿತು. ಆಗಸ್ಟ್‌ನಲ್ಲಿ ‘ಗೃಹಲಕ್ಷ್ಮಿ’ಯ 2,000 ರೂಪಾಯಿ ಶುರುವಾಯಿತು, ಅದೂ ಯಜಮಾನಿಯ ಖಾತೆಗೇ. ಅಪ್ಪ ಅದರ ಲೆಕ್ಕ ಕೇಳುವುದಿಲ್ಲ. ನನ್ನ ಸೆಮಿಸ್ಟರ್ ಫೀಸಿಗೆ ಕಡಿಮೆ ಬಿದ್ದಾಗ ಮಾತ್ರ, ‘ಯಜಮಾನಿಯವ್ರೇ, ಸ್ವಲ್ಪ ಸಾಲ ಸಿಗುತ್ತಾ?’ ಎಂದರು. ಅಮ್ಮ ಕೂಡಿಟ್ಟಿದ್ದನ್ನು ನಗುತ್ತಲೇ ಕೊಟ್ಟಳು. ಮರುತಿಂಗಳು ಅಪ್ಪ ತೀರಿಸಿದರು. (ತೀರಿಸದಿದ್ದರೆ ಬಿಡುತ್ತಿದ್ದಳೇ!) ಜಗಳವೇನೂ ನಿಂತಿಲ್ಲ. ಆದರೆ ಅಮ್ಮ ಈಗ ಕಣ್ಣೊರೆಸಿಕೊಂಡು ಅಡುಗೆಮನೆ ಸೇರುವುದಿಲ್ಲ, ಎದುರು ಕೂತು ವಾದ ಮಾಡುತ್ತಾಳೆ. ಹಾಸ್ಟೆಲ್‌ನಲ್ಲಿ ಗೆಳತಿಯರು ಮದುವೆ ಗಂಡಿನ ಪ್ಯಾಕೇಜ್ ಎಷ್ಟಿರಬೇಕೆಂದು ಹರಟುವಾಗ ನಾನು ಕೇಳುವುದು ಒಂದೇ: ಮದುವೆಯಾದ ಮೇಲೂ ನಿನ್ನ ಎಟಿಎಂ ಕಾರ್ಡ್ ನಿನ್ನ ಪರ್ಸಲ್ಲೇ ಇರುತ್ತಾ?